ಏಪ್ರಿಲ್ ಪುಟದಲ್ಲಿ ಕೊಯ್ಯುವವಳು

ಲೋಧಿ ಕಾಲೋನಿ, ನವದೆಹಲಿ
8 ಡಿಸೆಂಬರ್ 2024, ಭಾನುವಾರ

ಮಹಂತೇಶನಿಗೆ ಅಪ್ಪನ ಆಶೀರ್ವಾದ.

ಫೋನು ಮಾಡಬೇಡಿ, ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಕಿರಣನ ಕೈಗೇ ಕೊಡಿ ಅಂತ ಹೇಳಿಕಳಿಸಿದ್ದೀಯ. ಇದ್ಯಾವ ಹೊಸ ಶಾಸ್ತ್ರವಯ್ಯಾ? ನಿನ್ನ ಫ್ಯಾಕ್ಟರಿಯ ಮಾನೇಸರ್ ಏನು ಸಮುದ್ರದಾಚೆ ಇದೆಯಾ? ನಿನ್ನ ಮುಖ ನೋಡಿ ತಿಂಗಳ ಮೇಲಾಯಿತು. ನಿನ್ನ ಗೆಳೆಯ ಕಿರಣನನ್ನು ಕೂರಿಸಿಕೊಂಡು ಕೇಳಿದರೆ "ಅಂಕಲ್, ಅವನೇ ಬರೀತಾನೆ" ಅಂದು ಎರಡು ತಟ್ಟೆ ಅವಲಕ್ಕಿ ತಿಂದು ಎದ್ದುಹೋದ. ನಿಮ್ಮಮ್ಮ ಆಫೀಸಿನಿಂದ ಬಂದವಳು ನೀನು ಕಳಿಸಿದ ಚೀಟಿಯನ್ನು ಮೂರು ಸಲ ಓದಿ, ಮಡಿಸಿ, ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ನನಗೆ ತೋರಿಸಲಿಲ್ಲ. ನಾನೂ ಬಿಗುಮಾನಕ್ಕೆ ಕೇಳಲಿಲ್ಲ.

ಆ ಮಾತು ಬಿಡು. ನನ್ನ ಕ್ಯಾಲೆಂಡರ್ ಅಚ್ಚಾಗಿ ಬಂತು! ಇದರ ಜೊತೆ ಒಂದು ಪ್ರತಿ ಕಳಿಸಿದ್ದೇನೆ.

ದರಿಯಾಗಂಜಿನ ಭಾನುವಾರದ ಪುಸ್ತಕದ ಸಂತೆಯಲ್ಲಿ ನಾನು ತಂದ ದಪ್ಪ ಚಿತ್ರಪುಸ್ತಕ ನೀನು ನೋಡಿದ್ದೀಯ. ಐದಾರು ನೂರು ವರ್ಷಗಳ ಹಿಂದೆ ಯುರೋಪಿನ ದೊರೆಗಳು ತಮ್ಮ ಪ್ರಾರ್ಥನೆಯ ಪುಸ್ತಕಗಳಿಗೆ ಬರೆಸಿಕೊಂಡ ತಿಂಗಳ ಚಿತ್ರಗಳು. ತಿಂಗಳಿಗೊಂದು ಹೊಲದ ಕೆಲಸ. ಫೆಬ್ರುವರಿಯಲ್ಲಿ ರೈತರು ಚಳಿಗೆ ಒಲೆ ಮುಂದೆ ಕಾಲು ಕಾಯಿಸುತ್ತಾರೆ, ಮಾರ್ಚಿನಲ್ಲಿ ಉಳುತ್ತಾರೆ, ಜೂನಿನಲ್ಲಿ ಹುಲ್ಲು, ಜುಲೈಯಲ್ಲಿ ಗೋಧಿ, ಸೆಪ್ಟೆಂಬರಿನಲ್ಲಿ ದ್ರಾಕ್ಷಿ, ನವೆಂಬರಿನಲ್ಲಿ ಹಂದಿಗಳಿಗೆ ಮರದ ಕಾಯಿ ಉದುರಿಸುವುದು. ಹಿಂದುಗಡೆ ದೊರೆಯ ಕೋಟೆ. ಕಾಳು ಒಕ್ಕುವ ಯಂತ್ರ ಮಾಡುವ ಫರೀದಾಬಾದಿನ ಥ್ರೆಷರ್ ಕಂಪನಿಯಲ್ಲಿ ಪ್ರಚಾರ ನೋಡಿಕೊಳ್ಳುವ ಚಂದ್ರಮೋಹನ ಅದನ್ನು ತಿರುವಿ ನೋಡಿ "ದಾದಾ, ನಮಗೆ ಹೀಗೇ ಬೇಕು" ಅಂದ. ಹರಿಯಾಣದ ಹನ್ನೆರಡು ತಿಂಗಳು, ಕೋಟೆ ಇರುವ ಜಾಗದಲ್ಲಿ ಅವರ ಥ್ರೆಷರ್! ಆಯಿತಪ್ಪಾ ಅಂದೆ. ಜನವರಿಗೆ ಬೆಲ್ಲದ ಗಾಣ, ಫೆಬ್ರುವರಿಗೆ ಸಾಸಿವೆ ಹೊಲ. ಅವರ ಜುಲೈಯ ಗೋಧಿ ಕೊಯ್ಲು ನಮ್ಮ ಏಪ್ರಿಲ್‌ಗೆ ಬಂತು.

ಏಪ್ರಿಲ್ ಪುಟ ತೆಗೆದು ನೋಡು. ಯಾರು ಹೇಳು? ಅಕ್ಟೋಬರಿನಲ್ಲಿ "ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡ್ತಾಳೆ, ಅವಳ ಪಿಜಿಯಲ್ಲಿ ನೀರಿನ ತೊಂದರೆ" ಅಂತ ಒಂಬತ್ತು ದಿನ ನಮ್ಮಲ್ಲಿ ಬಿಟ್ಟುಹೋಗಿದ್ದೆಯಲ್ಲ, ಆ ಬಬಿತಾ. ಎದುರಿಗೆ ಒಬ್ಬರು ಕೂರದೆ ನಾನು ಒಂದು ಕಿವಿಯನ್ನೂ ಬರೆದವನಲ್ಲ, ನಿನಗೆ ಗೊತ್ತು. ಪೋಲಿಯೋ ಪೋಸ್ಟರಿಗೆ ನಿನ್ನನ್ನೇ ಎರಡು ಗಂಟೆ ಬಾಯಿ ತೆರೆಸಿ ಕೂರಿಸಿದ್ದೆ. ಕೋಟ್ಲಾ ಮಾರ್ಕೆಟ್ಟಿನಿಂದ ಕುಡುಗೋಲು ತಂದು ನಾನೇ ಹಿಡಿದು ನಿಂತರೆ ಆ ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. "ಅಂಕಲ್‌ಜಿ, ಹೀಗೆ ಹಿಡಿದರೆ ಗೋಧಿ ಉಳಿಯುತ್ತೆ, ಬೆರಳು ಹೋಗುತ್ತೆ" ಅಂದಳು. ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಸಬರಿಗೆಯನ್ನೇ ಗೋಧಿ ಮಾಡಿಕೊಂಡು ತೋರಿಸಿಕೊಟ್ಟಳು. ಎಡಗೈಯವಳು. ಮೂರು ದಿನ ಕೂರಿಸಿ ಬರೆದೆ. ಆ ದೊರೆಗಳ ಪುಸ್ತಕದಲ್ಲಿ ಕೊಯ್ಯುವವರೆಲ್ಲ ತಲೆ ಬಗ್ಗಿಸಿದವರೇ, ಒಬ್ಬರ ಮುಖವೂ ನೆನಪಿನಲ್ಲಿ ನಿಲ್ಲುವುದಿಲ್ಲ. ನಾನು ಇವಳನ್ನು ಕೊಯ್ಯುತ್ತ ತಲೆಯೆತ್ತಿ ನಮ್ಮ ಕಡೆ ನೋಡುವ ಹಾಗೆ ಬರೆದೆ. ಹುಬ್ಬಿನ ಮೇಲಿನ ಹಳೇ ಗಾಯದ ಗುರುತನ್ನೂ ಬಿಡಲಿಲ್ಲ.

ಇನ್ನೊಂದು ಸಂಗತಿ. ಮೂವತ್ತನಾಲ್ಕು ವರ್ಷ ಸರ್ಕಾರಕ್ಕೆ ಪೋಸ್ಟರು ಬರೆದೆ, ಒಂದರಲ್ಲೂ ನನ್ನ ಹೆಸರಿಲ್ಲ. ಈ ಸಲ ಚಂದ್ರಮೋಹನನ ಹತ್ತಿರ ಜಗಳ ಮಾಡಿ ಪ್ರತಿ ಪುಟದ ಕೆಳಗೂ ಹಾಕಿಸಿದೆ: ಚಿತ್ರಕಾರ ದೇವೇಂದ್ರಪ್ಪ, ಲೋಧಿ ಕಾಲೋನಿ, ದೆಹಲಿ. ಜೊತೆಗೆ ಮೊಬೈಲ್ ನಂಬರು. ಆರು ಸಾವಿರ ಪ್ರತಿ ರೋಹ್ತಕ್, ಝಜ್ಜರ್, ಸೋನಿಪತ್ ಕಡೆಯ ಅಂಗಡಿಗಳಿಗೆ ಆಗಲೇ ಹೊರಟುಹೋಗಿವೆ.

ಅವಳಿಗೂ ತೋರಿಸು, ಖುಷಿಪಡುತ್ತಾಳೆ.

ನಿನ್ನ ಅಪ್ಪ,
ದೇವೇಂದ್ರಪ್ಪ


ಊರು ಬರೆಯುವುದಿಲ್ಲ
17 ಡಿಸೆಂಬರ್

ಅಪ್ಪ,

ಕ್ಯಾಲೆಂಡರ್ ನೋಡಿ ಬಬಿತಾ ಖುಷಿಪಡಲಿಲ್ಲ. ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡಳು.

ನಿಮಗೆ ಹೇಳದೆ ಮುಚ್ಚಿಟ್ಟದ್ದು ನನ್ನ ತಪ್ಪು. ಅಮ್ಮನಿಗೆ ಕಳಿಸಿದ ಚೀಟಿಯಲ್ಲಿ ಅರ್ಧ ಬರೆದಿದ್ದೆ, ಈಗ ಪೂರ್ತಿ ಬರೆಯುತ್ತೇನೆ. ನವೆಂಬರ್ 11ಕ್ಕೆ ನಾವಿಬ್ಬರೂ ಮದುವೆಯಾದೆವು. ಅವಳ ಮನೆಯಲ್ಲಿ ಬೇರೆ ಕಡೆ ನಿಶ್ಚಯ ಮಾಡಿದ್ದರು. ಅವಳು ಹೇಳದೆ ಬಂದಳು. ನಿಮ್ಮಲ್ಲಿ ಒಂಬತ್ತು ದಿನ ಇದ್ದದ್ದು ನೀರಿನ ತೊಂದರೆಗಲ್ಲ, ಅಡಗಿಕೊಳ್ಳಲು.

ಅವಳ ಚಿಕ್ಕಪ್ಪನ ಮಗಳು ಎರಡು ವರ್ಷದ ಹಿಂದೆ ಹೀಗೇ ಮದುವೆಯಾಗಿದ್ದಳು. ಮನೆಯವರು ಆರು ತಿಂಗಳು ಸುಮ್ಮನಿದ್ದರು. ಆಮೇಲೆ ಅಜ್ಜಿಗೆ ಸೀರಿಯಸ್, ಬಂದು ನೋಡಿಕೊಂಡು ಹೋಗು ಅಂತ ಕರೆಸಿಕೊಂಡರು. ಜ್ವರ ಬಂದು ತೀರಿಕೊಂಡಳು ಅಂತ ಊರಿಗೆ ಹೇಳಿದರು. ಅವಳಿಗೆ ಜ್ವರ ಬಂದದ್ದನ್ನು ಯಾರೂ ನೋಡಿಲ್ಲ.

ಬಬಿತಾಗೆ ಮೂವರು ಅಣ್ಣಂದಿರು. ಫ್ಯಾಕ್ಟರಿ ಗೇಟಿಗೆ ಮೂರು ಸಲ ಬಂದು ಹೋಗಿದ್ದಾರೆ. ಅವಳು ಯಾರ ಜೊತೆ ಹೋದಳು ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ಅವಳ ಲೈನಿನಲ್ಲಿ ಕೆಲಸ ಮಾಡುವವರ ಫೋನುಗಳನ್ನು ಯಾರ ಮೂಲಕವೋ ನೋಡಿಸುತ್ತಿದ್ದಾರೆ ಅಂತ ಗೊತ್ತಾದ ದಿನ ನಾನು ಸಿಮ್ ಮುರಿದೆ, ಕೆಲಸ ಬಿಟ್ಟೆ. ನಮ್ಮನ್ನು ಕಾಯುತ್ತಿದ್ದದ್ದು ಅದೊಂದೇ, ನನ್ನ ಹೆಸರು ಅವರಿಗೆ ಗೊತ್ತಿಲ್ಲ ಅನ್ನುವುದು.

ಅಪ್ಪ, ಅವರ ಅಂಗಳದಲ್ಲಿರುವುದು ಇದೇ ಕಂಪನಿಯ ಥ್ರೆಷರ್. ವರ್ಷಾವರ್ಷ ದೊಡ್ಡ ಅಣ್ಣ ದಿಲೀಪ್ ಅಂಗಡಿಯಿಂದ ಇದೇ ಕ್ಯಾಲೆಂಡರ್ ತಂದು ಅಡುಗೆಮನೆ ಬಾಗಿಲ ಪಕ್ಕ ನೇತುಹಾಕುತ್ತಾನೆ. ಏಪ್ರಿಲ್‌ನಲ್ಲಿ ಅವಳ ಮುಖ, ಅವಳ ಎಡಗೈ, ಹುಬ್ಬಿನ ಗುರುತು. ಕೆಳಗೆ ನಿಮ್ಮ ಹೆಸರು, ನಿಮ್ಮ ಏರಿಯಾ, ನಿಮ್ಮ ನಂಬರು. ನಿಮ್ಮನ್ನು ಹಿಡಿದರೆ ನಾನು ಸಿಗುತ್ತೇನೆ. ನಾನು ಸಿಕ್ಕರೆ ಅವಳು.

ದೂರ ಹೋಗಿ ಅಂತ ಬರೆಯುತ್ತೀರಿ. ನನಗೆ ಹೊಸೂರಿನಲ್ಲಿ ಒಂದು ಕೆಲಸ ಸಿಗುವ ಹಾಗಿದೆ. ಅವಳು ಒಪ್ಪುತ್ತಿಲ್ಲ. ತಾಯಿ ಇರುವ ಊರಿಗೆ ಬಸ್ಸಿನಲ್ಲಿ ಎರಡು ಗಂಟೆ, ಅದಕ್ಕಿಂತ ದೂರ ಹೋಗಲಾರೆ ಅನ್ನುತ್ತಾಳೆ. ಒಂದಲ್ಲ ಒಂದು ದಿನ ಅಮ್ಮ ಕರೆಯುತ್ತಾಳೆ ಅಂತ ಕಾಯುತ್ತಿದ್ದಾಳೆ.

ಮಹಂತೇಶ್


ಲೋಧಿ ಕಾಲೋನಿ
22 ಡಿಸೆಂಬರ್ 2024

ಮಹಂತೇಶ,

ನಿನ್ನ ಪತ್ರ ಎರಡು ಸಲ ಓದಿದೆ. ನಿಮ್ಮಮ್ಮ ಬಿಸಿನೀರು ಕೊಟ್ಟು ಕೂರಿಸಿದಳು. ಆಮೇಲೆ ಇಬ್ಬರೂ ಜಗಳವಾಡಿದೆವು. ನನಗೆ ಯಾಕೆ ಹೇಳಲಿಲ್ಲ ಅಂತ ನಾನು, ಹೇಳಿದ್ದರೆ ನೀವು ಬಾಯಿ ಮುಚ್ಚಿಕೊಂಡು ಇರುತ್ತಿದ್ದಿರಾ ಅಂತ ಅವಳು. ನಿನ್ನ ಮೇಲೂ ಸಿಟ್ಟಿದೆ ನನಗೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಆ ಹುಡುಗಿಯ ಮುಖ ಬರೆಯುತ್ತಿದ್ದೆನಾ? ನಾನು ಅಷ್ಟು ಪರಕೀಯನಾದೆನೇನೋ! ಮದುವೆಗೂ ಕರೆಯಲಿಲ್ಲ. ಇರಲಿ. ಅವಳು ಈಗ ನಮ್ಮ ಮನೆ ಸೊಸೆ, ಅವಳ ಮೇಲೆ ಸಿಟ್ಟಿಲ್ಲ.

ಮಾರನೇ ದಿನವೇ ಫರೀದಾಬಾದಿಗೆ ಓಡಿದೆ. ಚಂದ್ರಮೋಹನನಿಗೆ ನಿಜ ಹೇಳುವ ಹಾಗಿಲ್ಲ, ಅವನ ಡೀಲರುಗಳೆಲ್ಲ ಆ ಊರುಗಳವರೇ. ಏಪ್ರಿಲ್ ಚಿತ್ರ ಸರಿ ಬಂದಿಲ್ಲ, ವಾಪಸ್ ತರಿಸು ಅಂದೆ. "ದಾದಾ, ಎಲ್ಲರೂ ಹೊಗಳ್ತಿದ್ದಾರೆ, ನಿಮಗೇನಾಗಿದೆ?" ಅಂತ ಚಹಾ ತರಿಸಿದ. ಏಪ್ರಿಲ್ ಪುಟಗಳನ್ನೇ ಬೇರೆ ಅಚ್ಚು ಮಾಡಿಕೊಡು ಅಂದರೆ ನಕ್ಕ.

ಆದರೆ ಒಂದು ಆಸೆ ಇದೆ ಕಣೋ. ಏಪ್ರಿಲ್ ಪುಟ ಈಗ ಯಾರಿಗೂ ಕಾಣುವುದಿಲ್ಲ. ಅದರ ಮೇಲೆ ಜನವರಿ ಇದೆ, ಫೆಬ್ರುವರಿ ಇದೆ, ಮಾರ್ಚ್ ಇದೆ. ಗೋಡೆಯ ಕ್ಯಾಲೆಂಡರನ್ನು ಜನ ಮುಂದಕ್ಕೆ ತಿರುವಿ ನೋಡುವುದು ಅಪರೂಪ. ಮಾರ್ಚ್ 31ರ ತನಕ ನಮಗೆ ಸಮಯವಿದೆ. ಕಂಪನಿಯವರು ಕೊಟ್ಟ ಟೋಪಿ ಇದೆ, ಡೀಲರುಗಳ ಪಟ್ಟಿ ಇದೆ. ಅವಳ ಊರಿನ ಸುತ್ತಲಿನ ಅಂಗಡಿಗಳಿಗೆ ನಾನೇ ಹೋಗಿ, ಏಪ್ರಿಲ್‌ನಲ್ಲಿ ಒಂದು ರಜೆ ತಪ್ಪಾಗಿ ಅಚ್ಚಾಗಿದೆ ಅಂತ ಹೇಳಿ, ಹಂಚದೆ ಉಳಿದ ಪ್ರತಿಗಳಿಂದ ಆ ಪುಟ ಹರಿದುಕೊಂಡು ಬರುತ್ತೇನೆ. ಮನೆಗಳಿಗೆ ಹೋದವುಗಳಿಗೆ ಏನು ಮಾಡಲಿ, ಗೊತ್ತಿಲ್ಲ. ಕೈ ಕಟ್ಟಿ ಕೂರಲಂತೂ ಆಗುವುದಿಲ್ಲ.

ನನ್ನನ್ನು ಕ್ಷಮಿಸು ಅಂತ ಅವಳಿಗೆ ಹೇಳು.

ಅಪ್ಪ


12 ಜನವರಿ 2025

ಅಪ್ಪ,

ದಯವಿಟ್ಟು ಹೋಗಬೇಡಿ. ನಿಮ್ಮ ಹಿಂದಿ ಕೇಳಿದರೆ ಯಾರಿಗಾದರೂ ನೀವು ಆ ಕಡೆಯವರಲ್ಲ ಅಂತ ಗೊತ್ತಾಗುತ್ತೆ. ನೆನಪಿಟ್ಟುಕೊಳ್ಳುತ್ತಾರೆ.

ಇಲ್ಲಿ ನಾವು ಕಿಟಕಿ ತೆರೆಯುವುದನ್ನು ಬಿಟ್ಟಿದ್ದೇವೆ. ಬೀದಿಯಲ್ಲಿ ಅವಳ ಅಣ್ಣಂದಿರದಂಥ ಬುಲೆಟ್ ಬೈಕಿನ ಸದ್ದಾದರೆ ಬಬಿತಾ ಮಾಡುತ್ತಿರುವ ಕೆಲಸ ನಿಲ್ಲಿಸಿ ಅದು ಮುಂದೆ ಹೋಗುವ ತನಕ ಹಾಗೇ ನಿಂತಿರುತ್ತಾಳೆ. ರೊಟ್ಟಿ ಸೀದು ಹೋದರೂ ಅಲುಗಾಡುವುದಿಲ್ಲ. ಮೊನ್ನೆ ತರಕಾರಿ ಭಯ್ಯಾ ಹತ್ತಿರ ಯಾರೋ ಹೆಂಗಸು "ಬಬಿತಾ, ಏ ಬಬಿತಾ" ಅಂತ ತನ್ನ ಮಗಳನ್ನು ಕರೆದಳಂತೆ. ಇವಳು ಚೀಲ ಅಲ್ಲೇ ಬಿಟ್ಟು ಓಡಿಬಂದು ಬಾಗಿಲು ಹಾಕಿಕೊಂಡಳು. ಸಂಜೆ ನಾನು ಬಂದು ನಾನೇ ಅಂತ ಹೇಳಿದರೂ ತೆಗೆಯಲಿಲ್ಲ. ಕೊನೆಗೆ ಕನ್ನಡದಲ್ಲಿ ಕೂಗಿದೆ, ಆಗ ತೆಗೆದಳು.

ನಿಮ್ಮ ಮೇಲೆ ಅವಳಿಗೂ ಸಿಟ್ಟಿಲ್ಲ. ತನ್ನನ್ನು ಇಷ್ಟು ಚೆನ್ನಾಗಿ ಯಾರೂ ನೋಡಿರಲಿಲ್ಲ ಅಂದಳು. ಅದನ್ನು ಹೇಳಿ ಅತ್ತಳು.

ಮಹಂತೇಶ್


ಲೋಧಿ ಕಾಲೋನಿ
16 ಫೆಬ್ರುವರಿ 2025

ಮಹಂತೇಶ,

ನೀನು ಬೇಡವೆಂದರೂ ಹೋದೆ. ಐದು ವಾರದಲ್ಲಿ ನಲವತ್ತಮೂರು ಅಂಗಡಿ. ಎಲ್ಲ ಕಡೆ ಕೂರಿಸಿ ಚಹಾ ಕೊಟ್ಟರು, ಒಂದು ಕಡೆ ಒಂದು ದೊಡ್ಡ ಲೋಟ ಮಜ್ಜಿಗೆಯನ್ನೂ ಕುಡಿಸಿದರು. ಈ ವಯಸ್ಸಿನಲ್ಲಿ ಈ ಚಳಿಯಲ್ಲಿ ಅದನ್ನು ಕುಡಿದು ಮೂರು ದಿನ ಕೆಮ್ಮಿದ್ದೇನೆ. ರಜೆ ತಪ್ಪಾಗಿದೆ ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಅಂಗಡಿಯ ಹಿಂದೆ ಕಟ್ಟುಗಟ್ಟಲೆ ಬಿದ್ದಿದ್ದ ಪ್ರತಿಗಳಿಂದ ನಾನು ಬರೆದ ಮುಖವನ್ನು ನಾನೇ ಪರಪರ ಹರಿದು ಚೀಲಕ್ಕೆ ತುಂಬಿದೆ. ಹರಿಯುವಾಗ ಒಂದೊಂದು ಸಲವೂ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ನಲವತ್ತಮೂರನೆಯದು ಅವಳ ಊರಿನ ಅಂಗಡಿ. ಅದನ್ನು ಹೇಳಲೇಬೇಕು, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕೆಳಗೆ ಕೂತು ಹರಿಯುತ್ತಿದ್ದೆ. ಎತ್ತರದ ಮನುಷ್ಯನೊಬ್ಬ ಥ್ರೆಷರಿಗೆ ಬೆಲ್ಟು ಕೊಳ್ಳಲು ಬಂದಿದ್ದ. ನನ್ನನ್ನು ನೋಡಿ, "ಬಾಬಾ, ನೆಲ ತಣ್ಣಗಿದೆ" ಅಂತ ತಾನೇ ಸ್ಟೂಲು ಎಳೆದುಕೊಟ್ಟ. ಏನು ಹರಿಯುತ್ತಿದ್ದೀರಿ ಅಂದ. ಏಪ್ರಿಲ್‌ನಲ್ಲಿ ರಜೆ ತಪ್ಪು ಅಂದೆ. ಪುಟವನ್ನು ಮೊಣಕಾಲಿಗೆ ಬೋರಲು ಹಾಕಿಕೊಂಡಿದ್ದೆ. ಅಷ್ಟರಲ್ಲಿ ಅಂಗಡಿಯವ ಒಳಗಿನಿಂದ, "ದಿಲೀಪ್, ನಿಮ್ಮ ಮನೆಗೂ ಒಂದು ಒಯ್ದಿದ್ದೀಯಲ್ಲ, ಅದರಿಂದಲೂ ಹರಿದುಬಿಡು" ಅಂತ ಕೂಗಿದ.

ಮಹಂತೇಶ, ಅವಳ ದೊಡ್ಡ ಅಣ್ಣ!

ಅವನು ನಕ್ಕ. "ಇಡೀ ಪುಟ ಯಾಕೆ ಹರೀಬೇಕು ಬಾಬಾ? ಪೆನ್ನಲ್ಲಿ ತಿದ್ದಿಕೊಂಡರಾಯ್ತು. ಯಾವ ತಾರೀಕು ಹೇಳಿ" ಅಂದ. ನೋಡು, ಇಷ್ಟು ಸಣ್ಣ ಮಾತು ನಲವತ್ತೆರಡು ಅಂಗಡಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ! ಬಾಯಿಗೆ ಬಂದಂತೆ ಹತ್ತನೇ ತಾರೀಕು ಅಂದೆ. ಅವನು ಅಂಗೈಯಲ್ಲಿ ಪೆನ್ನಿನಿಂದ ಹತ್ತು ಅಂತ ಬರೆದುಕೊಂಡ. ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಗಾಡಿಯಲ್ಲಿ ಬಿಟ್ಟ. ಬೇಡ ಅಂದರೂ ಕೇಳಲಿಲ್ಲ. ಅವನ ಬೆನ್ನ ಹಿಂದೆ ಕೂತು, ಅವನ ತಂಗಿಯ ಮುಖದ ಮುನ್ನೂರು ಹಾಳೆಗಳನ್ನು ಎದೆಗೆ ಅವುಚಿಕೊಂಡು ಹೋದೆ. ಇಳಿಸುವಾಗ ನನ್ನ ಮಫ್ಲರ್ ಸರಿಮಾಡಿ, "ಜೋಪಾನ ಬಾಬಾ" ಅಂದ.

ಮನೆಗೆ ಹೋಗಿ ಅವನು ಏಪ್ರಿಲ್ ತೆಗೆದನೋ ಇಲ್ಲವೋ. ನನಗೆ ಗೊತ್ತಿರುವುದು ಇಷ್ಟೇ.

ಅಪ್ಪ


23 ಫೆಬ್ರುವರಿ

ಅಪ್ಪ,

ಒಂದು ವಾರದ ಮೇಲಾಯಿತು, ಯಾರೂ ಬಂದಿಲ್ಲ. ನೋಡಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಬಾಗಿಲಿಗೆ ಬರುತ್ತಿದ್ದ. ಮರೆತಿರಬೇಕು, ಅಂಗೈ ತೊಳೆದುಕೊಂಡಿರಬೇಕು. ಹಾಗಂತ ನಾನು ಹೇಳುತ್ತೇನೆ, ಅವಳು ತಲೆಯಾಡಿಸುತ್ತಾಳೆ.

ದಿಲೀಪ್ ಕೆಟ್ಟವನಲ್ಲ ಅನ್ನುತ್ತಾಳೆ. ಹೈಸ್ಕೂಲಿಗೆ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಅವನೇ. ಚಿಕ್ಕಪ್ಪನ ಮಗಳ ಹೆಣಕ್ಕೆ ಹೆಗಲು ಕೊಟ್ಟು ಜೋರಾಗಿ ಅತ್ತವನೂ ಅವನೇ ಅಂತೆ. ಅದರ ಹಿಂದಿನ ದಿನ ಆ ಹುಡುಗಿಯನ್ನು ಬಸ್ ಸ್ಟ್ಯಾಂಡಿನಿಂದ ಮನೆಗೆ ಕರೆತಂದವನೂ ಅವನೇ.

ನೀವು ಕೂತದ್ದು ಅವನ ಗಾಡಿಯಲ್ಲಿ. ಇನ್ನು ಸಾಕು ಮಾಡಿ.

ಮಹಂತೇಶ್


ಲೋಧಿ ಕಾಲೋನಿ
30 ಮಾರ್ಚ್ 2025, ಯುಗಾದಿ

ಮಾಂತು,

ಈ ಸಲ ನಾನು ಬರೆಯುತ್ತಿದ್ದೇನೆ. ನಿಮ್ಮಪ್ಪ ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದುಹಾಕಿದರು.

ಇವರು ಪುಟ ಹರಿದುಕೊಂಡು ಬಂದ ಕ್ಯಾಲೆಂಡರುಗಳನ್ನು ಅಂಗಡಿಯವರು ಆಮೇಲೆ ಜನರಿಗೆ ಹಂಚಿದ್ದಾರೆ. ತಿಂಗಳು ಮುಗಿಯುತ್ತ ಬಂತಲ್ಲ, ಕೆಲವರು ಮುಂದಿನ ಪುಟ ನೋಡಿದ್ದಾರೆ. ಮಾರ್ಚ್ ಆದ ಮೇಲೆ ಮೇ! ಕಂಪನಿಗೆ ಫೋನಿನ ಮೇಲೆ ಫೋನು ಹೋಗಿದೆ. ಚಂದ್ರಮೋಹನ ಪಾಪ ಒಳ್ಳೆಯದು ಮಾಡಲು ಹೋಗಿ, "ಅಡಚಣೆಗೆ ಕ್ಷಮಿಸಿ, ಏಪ್ರಿಲ್ ಪುಟ ಇಲ್ಲಿದೆ" ಅಂತ ಆ ಚಿತ್ರವನ್ನು ಎಲ್ಲ ಡೀಲರುಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾನೆ. ಅವರು ತಮ್ಮ ಗಿರಾಕಿಗಳಿಗೆ ಕಳಿಸಿದ್ದಾರೆ. ನಿನ್ನೆ ಸಂಜೆ ನಿಮ್ಮಪ್ಪನಿಗೂ ಬಂತು, ಕೆಳಗೆ ಹೆಸರು, ನಂಬರು ಎಲ್ಲ ಸಮೇತ. ಗೋಡೆಯ ಮೇಲೆ ಮೂರು ಪುಟದಡಿ ಮುಚ್ಚಿಕೊಂಡಿದ್ದದ್ದು ಈಗ ಊರೂರಿನ ಜನರ ಜೇಬಿನಲ್ಲಿದೆ.

ನಾನು ನಿನ್ನ ಫೋಟೋಗಳನ್ನೆಲ್ಲ ತೆಗೆದು ಗೋದ್ರೇಜ್ ಬೀರುವಿನಲ್ಲಿ ಹಾಕಿದ್ದೇನೆ. ನಿನ್ನ ಬಟ್ಟೆ, ಶೂ, ಕ್ರಿಕೆಟ್ ಬ್ಯಾಟು ಎಲ್ಲ ಪಕ್ಕದ ಬ್ಲಾಕಿನ ಇಂದಿರಮ್ಮನ ಮನೆಗೆ ಸಾಗಿಸಿದೆ. ಮಗ ಹುಟ್ಟಿ ಬೆಳೆದ ಮನೆಯಲ್ಲಿ ಮಗನ ಗುರುತು ಸಿಗದ ಹಾಗೆ ಗುಡಿಸಿದೆ ಕಣೋ. ಇವತ್ತು ಹಬ್ಬ. ಬೇವು ಬೆಲ್ಲ ಇಟ್ಟುಕೊಂಡು ಇಬ್ಬರೂ ಮುಖ ನೋಡಿಕೊಂಡು ಕೂತಿದ್ದೇವೆ.

ಬಬಿತಾಗೆ ಹೇಳು, ಅವಳ ಅತ್ತೆ ಕೈ ಮುಗಿದು ಕೇಳಿಕೊಳ್ಳುತ್ತಿದ್ದಾಳೆ, ಹೊಸೂರಿಗೆ ಹೊರಡಿ ಅಂತ. ನನಗೂ ಅಮ್ಮ ಇದ್ದಳು, ನಾನೂ ದೂರ ಬಂದವಳೇ.

ನಿನ್ನ ಅಮ್ಮ,
ಶಾರದಾ


ಲೋಧಿ ಕಾಲೋನಿ
5 ಏಪ್ರಿಲ್ 2025, ಶನಿವಾರ

ಮಹಂತೇಶ,

ಕಿರಣನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಅವನು ನೇರ ನಿಮ್ಮಲ್ಲಿಗೇ ಬರುತ್ತಾನೆ. ಕೊನೆಯ ತನಕ ಓದಿ ಆಮೇಲೆ ಅವಳಿಗೆ ಹೇಳು.

ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಗಿಲು ಬಡಿದರು. ನಾನೇ ತೆಗೆದೆ. ದಿಲೀಪ್. ಅವನ ಹಿಂದೆ ತಲೆಯ ಮೇಲೆ ಸೆರಗೆಳೆದುಕೊಂಡ ಒಬ್ಬ ವಯಸ್ಸಾದ ಹೆಂಗಸು, ಏದುಸಿರು ಬಿಡುತ್ತಿದ್ದರು. ನನ್ನನ್ನು ನೋಡಿ ಅವನು, "ಓಹೋ, ಹತ್ತನೇ ತಾರೀಕಿನ ಬಾಬಾ" ಅಂದ. ನಗಲಿಲ್ಲ.

ಒಳಗೆ ಬಂದು ಕೂತರು. ನಿಮ್ಮಮ್ಮ ನೀರು ಕೊಟ್ಟಳು. ಅವನು ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದ, ಕುರ್ಚಿಯ ತುದಿಯಲ್ಲಿ ಕೂತಿದ್ದ. "ಇನ್ನೊಂದು ವಾರಕ್ಕೆ ಕೊಯ್ಲು, ಆಮೇಲೆ ಬರೋಕಾಗಲ್ಲ ಅಂತ ಈಗ ಬಂದೆ" ಅಂದ. ಫೋನು ತೆಗೆದು ಏಪ್ರಿಲ್ ಚಿತ್ರವನ್ನು ನನ್ನ ಮುಂದೆ ಹಿಡಿದ. "ಇದು ನೀವು ಬರೆದದ್ದು. ನಲವತ್ತು ಅಂಗಡಿ ಸುತ್ತಿ ಹರಿದವರೂ ನೀವೇ. ಇವಳನ್ನು ಎಲ್ಲಿ ನೋಡಿದಿರಿ ಬಾಬಾ?"

ಏನು ಹೇಳಬೇಕು ಅಂತ ವಾರದಿಂದ ಯೋಚಿಸಿಟ್ಟಿದ್ದೆ. ದೊರೆಗಳ ಪುಸ್ತಕ ತಂದು ಅವನ ತೊಡೆಯ ಮೇಲೆ ಇಟ್ಟೆ. ನಾನು ಕಳ್ಳ ಅಂದೆ. ಇದರಿಂದ ನಕಲು ಮಾಡಿದೆ, ಹೆಸರು ಮಾತ್ರ ನನ್ನದು ಹಾಕಿಕೊಂಡೆ, ಸಿಕ್ಕಿಬೀಳುತ್ತೇನೆ ಅಂತ ಹೆದರಿ ಹರಿದೆ ಅಂದೆ. ನನ್ನ ಅರವತ್ತಮೂರು ವರ್ಷದಲ್ಲಿ ಯಾರ ಗೆರೆಯನ್ನೂ ಕದ್ದವನಲ್ಲ ಕಣೋ. ಅಷ್ಟು ಸಲೀಸಾಗಿ ಬಾಯಿಂದ ಬಂತು.

ಅವನು ಒಂದೊಂದೇ ಪುಟ ತಿರುವಿದ. ರೈತ ನೋಡು, ಚಿತ್ರ ನೋಡದೆ ಹೊಲ ನೋಡಿದ. "ಇವರ ಗೋಧಿ ಏನು ಎತ್ತರ!" ಅಂದ. "ಇಲ್ಲಿ ಕುರಿ ಉಣ್ಣೆ ಕತ್ತರಿಸೋದೂ ಕೊಯ್ಲೂ ಒಟ್ಟಿಗೇ ನಡೀತಿದೆ, ಆಳುಗಳು ಸಾಲೋದಿಲ್ಲ" ಅಂದ. ನನಗೆ ಉಸಿರು ಬಂತು. ಅಷ್ಟರಲ್ಲಿ ಪುಸ್ತಕ ಮುಚ್ಚಿದ. "ಇದರಲ್ಲಿ ಯಾರೂ ತಲೆ ಎತ್ತಿಲ್ಲ ಬಾಬಾ. ಎಡಗೈಯವರೂ ಇಲ್ಲ."

ಅವನು ಗೋಡೆಗಳನ್ನೆಲ್ಲ ನೋಡಿದ. "ಮಕ್ಕಳೆಷ್ಟು ನಿಮಗೆ?" ಅಂದ.

ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಒಂದು ಕ್ಷಣವೂ ತಡೆಯಲಿಲ್ಲ. "ಮಕ್ಕಳಿಲ್ಲ ನಮಗೆ" ಅಂದಳು. ಧ್ವನಿ ಅಲುಗಾಡಲಿಲ್ಲ. ಆಗ ಆ ಮುದುಕಿ ಮೊದಲ ಸಲ ಸೆರಗು ಸರಿಸಿ ಮುಖ ಎತ್ತಿ ನಿಮ್ಮಮ್ಮನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ದಿಲೀಪ್ ಫೋನನ್ನು ತಾಯಿಯ ಕೈಗೆ ಕೊಟ್ಟ. "ಮಾ, ಇಲ್ಲಿಯ ತನಕ ಬಂದಿದ್ದು ಇದಕ್ಕೇ. ಮನೆಯಲ್ಲಿ ಕೇಳಿದರೆ ಕಣ್ಣು ಕಾಣಲ್ಲ ಅಂದೆ. ಈಗ ಕನ್ನಡಕ ಹಾಕಿಕೊಂಡು ನೋಡು. ಬರೆದವರ ಎದುರಿಗೇ ಹೇಳು. ನಮ್ಮವಳು ಹೌದೋ ಅಲ್ಲವೋ?"

ಆಕೆ ಕನ್ನಡಕ ಹಾಕಿಕೊಂಡರು. ಬೆರಳಿನಿಂದ ಹುಬ್ಬಿನ ಗುರುತಿನ ಮೇಲೆ ಮುಟ್ಟಿದರು. ಚಿತ್ರ ದೊಡ್ಡದಾಯಿತು, ಗಾಬರಿಯಾಗಿ ಕೈ ಹಿಂದೆ ತೆಗೆದರು. ಅವರು ಹೌದು ಅಂದಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ಆಗುತ್ತಿಲ್ಲ.

"ಯಾ ಮ್ಹಾರೀ ಕೋನ್ಯಾ" ಅಂದರು. ಇವಳು ನಮ್ಮವಳಲ್ಲ.

"ಸರಿಯಾಗಿ ನೋಡು."

"ಹೆತ್ತವಳಿಗೆ ಹೇಳಿಕೊಡ್ತೀಯಾ ನೀನು? ಅಲ್ಲ ಅಂದ್ರೆ ಅಲ್ಲ."

ಅವನು ತಾಯಿಯ ಮುಖವನ್ನೇ ನೋಡುತ್ತ ಕೂತ. ಆಮೇಲೆ ಎದ್ದು ನನಗೆ ಕೈ ಮುಗಿದು, ತೊಂದರೆ ಕೊಟ್ಟೆ ಅಂದು, ಗಾಡಿ ತೆಗೆಯಲು ಕೆಳಗಿಳಿದ. ಆಕೆ ಇನ್ನೊಂದು ಲೋಟ ನೀರು ಬೇಕೆಂದು ನಿಮ್ಮಮ್ಮನ ಹಿಂದೆ ಅಡುಗೆಮನೆಗೆ ಹೋದರು. ನೀರು ಕುಡಿಯಲಿಲ್ಲ. ನಿಮ್ಮಮ್ಮನ ಮುಂಗೈ ಹಿಡಿದುಕೊಂಡರು. ಆಡಿದ ಮಾತನ್ನು ನಿಮ್ಮಮ್ಮ ನನಗೆ ಮೂರು ಸಲ ಹೇಳಿದ್ದಾಳೆ, ಒಂದಕ್ಷರ ಬಿಡದೆ ಬರೆಯುತ್ತೇನೆ.

"ನನಗೆ ಮಗಳಿಲ್ಲ, ನಿನಗೆ ಮಗನಿಲ್ಲ. ಹಾಗೇ ಇರಲಿ. ನಾನು ಸುಳ್ಳು ಹೇಳಿದ್ದು ದಿಲೀಪನಿಗೆ ಗೊತ್ತು. ನಾನು ಇರೋ ತನಕ ನನ್ನ ಮಾತು ದಾಟೋದಿಲ್ಲ, ತಮ್ಮಂದಿರನ್ನೂ ದಾಟೋಕೆ ಬಿಡೋದಿಲ್ಲ. ನಾನು ಹೋದಮೇಲೆ ಅವನನ್ನು ಹಿಡಿಯೋರು ಯಾರೂ ಇಲ್ಲ. ಅವಳಿಗೆ ಹೇಳು, ಅಮ್ಮ ಕರೀತಾಳೆ ಅಂತ ಹತ್ತಿರ ಕೂತು ಕಾಯಬೇಡ. ನಾನು ಯಾವತ್ತೂ ಕರೆಯೋದಿಲ್ಲ. ಯಾರಾದರೂ ಅಮ್ಮನಿಗೆ ಸೀರಿಯಸ್, ಅಮ್ಮ ಸತ್ತಳು, ಮುಖ ನೋಡಿಕೊಂಡು ಹೋಗು ಅಂತ ಕರೆದರೂ ಬರಬಾರದು. ಬಂದರೆ ನಾನು ಹೆತ್ತದ್ದೇ ದಂಡ."

ಕೆಳಗೆ ಹಾರ್ನ್ ಆಯಿತು. ಆಕೆ ಸೆರಗೆಳೆದುಕೊಂಡು ಹೊರಟರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮದು ಮೊದಲನೇ ಮಹಡಿ, ಹದಿನೆಂಟೇ ಮೆಟ್ಟಿಲು. ಇಳಿಯುವಷ್ಟರಲ್ಲಿ ಆ ತಾಯಿ ನಾಲ್ಕು ಸಲ ಗೋಡೆ ಹಿಡಿದು ನಿಂತರು. ತುಟಿ ನೀಲಿಗಟ್ಟಿತ್ತು. ಕೊನೆಯ ಸಲ ನಿಂತಾಗ, ಇನ್ನು ಮುಂದಕ್ಕೆ ಹೆಜ್ಜೆ ಇಡುತ್ತಾರೋ ಇಲ್ಲವೋ ಅಂತ ನನಗೆ ಅನುಮಾನವಾಯಿತು.

ಇವತ್ತೇ ಹೊರಡಿ. ಎಲ್ಲಿಗೆ ಅಂತ ನಮಗೂ ತಿಳಿಸಬೇಡಿ.

ಅಪ್ಪ